ಓದಲು ಬಂದವರು ಗುಡ್ಡ ಹತ್ತಿದ್ದು

ತುರ್ವಿಹಾಳದ ನಮ್ಮ ಓಣಿಯ ಹುಡುಗನೊಬ್ಬನು ಜರ್ಮನಿಯ ವಿಶ್ವವಿದ್ಯಾನಿಲಯವೊಂದರಲ್ಲಿ ವ್ಯಾಸಂಗ ಮಾಡುತ್ತಿದ್ದು, ವಾರಾಂತ್ಯದ ಎರಡು ದಿನ ಬಿಡುವು ದೊರೆತೊಡನೆ ಬೆನ್ನಿಗೆ ದೊಡ್ಡದೊಂದು ಚೀಲವನ್ನು ಬಿಗಿದು, ಅಗ್ಗದ ರೈಲುಚೀಟಿ ಕೊಂಡು, ಆಲ್ಪ್ಸ್ ಪರ್ವತದ ಮಗ್ಗುಲಿನಲ್ಲೆಲ್ಲೋ ಗುಡಾರ ಹೂಡಿ ಮಲಗುವ ಚಟವನ್ನು ಬೆಳೆಸಿಕೊಂಡಿದ್ದಾನೆ. ಅವನು ಕಳಿಸಿದ ಹಿಮಶಿಖರಗಳ ಚಿತ್ರಗಳನ್ನು ಮೊಬೈಲಿನಲ್ಲಿ ಒಂದೊಂದಾಗಿ ಸರಿಸಿ ತೋರಿಸುತ್ತಿದ್ದ ಅವನ ಅಜ್ಜಿ, ಕನ್ನಡಕವನ್ನು ಹಣೆಗೇರಿಸಿ, ಬಹುಕಾಲದಿಂದ ಮನಸ್ಸಿನಲ್ಲಿ ಅದುಮಿಟ್ಟುಕೊಂಡಿದ್ದಳೆಂದು ತೋರುವ ಪ್ರಶ್ನೆಯನ್ನು ನನ್ನ ಮುಂದಿಟ್ಟಳು: “ಓದಾಕಂತ ಕಳಿಸಿದ್ರ ಗುಡ್ಡ ಹತ್ಕೋಂತ ಅಡ್ಡಾಡಾಕ ಹತ್ಯಾನಲ್ರೀ ಮಾಸ್ತರ್ರ. ಗುಡ್ಡ ನಮ್ಮ ಕಡೆ ಇದ್ದಿಲ್ಲೇನು?”

ಆಗ ನಾನು ನಕ್ಕು ಸುಮ್ಮನಾದೆ. ಆದರೆ ಮನೆಗೆ ಬಂದು ಯೋಚಿಸಿದಾಗ, ಆ ಹಿರಿಯಳ ಮಾತಿನಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿರುವುದು ಕಂಡಿತು: ಓದಿಗೂ ಗುಡ್ಡಕ್ಕೂ ಸಂಬಂಧವೇನೆಂಬುದೊಂದು, ಹತ್ತಲೇಬೇಕೆಂದಿದ್ದರೆ ನಮ್ಮ ಸೀಮೆಯ ಗುಡ್ಡಗಳು ಮಾಡಿದ ಪಾಪವೇನೆಂಬುದು ಇನ್ನೊಂದು. ಈ ಎರಡಕ್ಕೂ ಒಂದೇ ಉತ್ತರವಿದೆ. ಆ ಉತ್ತರವು ಇಲ್ಲಿಂದ ಬಹುದೂರವೇನೂ ಇಲ್ಲದ, ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿಗೆ ಕೆಲವೇ ಮೈಲಿಗಳಲ್ಲಿರುವ ಪಿಕ್ಲಿಹಾಳವೆಂಬ ಊರಿನ ಬಂಡೆಗಳ ನಡುವೆ ಕುಳಿತಿದೆ.

ಕನ್ನಡಿಗರು ಕಡಲು ದಾಟಿ ಓದಲು ಹೋದ ವೃತ್ತಾಂತಗಳು ನಮ್ಮ ಸಾಹಿತ್ಯದಲ್ಲಿ ವಿರಳವಲ್ಲ. 1936ರಲ್ಲಿ ಆಕ್ಸ್‌ಫರ್ಡಿಗೆ ತೆರಳಿದ ವಿನಾಯಕ ಕೃಷ್ಣ ಗೋಕಾಕರು ಆ ಪ್ರವಾಸದ ಫಲವಾಗಿ ‘ಸಮುದ್ರ ಗೀತೆಗಳು’, ‘ಸಮುದ್ರದಾಚೆಯಿಂದ’ ಎಂಬ ಕೃತಿಗಳನ್ನು ನಮಗೆ ಕೊಟ್ಟರು. ಹೊನ್ನಾವರದ ಕೃಷ್ಣಾನಂದ ಕಾಮತರು ಅಮೆರಿಕೆಯಲ್ಲಿ ಕೀಟಶಾಸ್ತ್ರವನ್ನು ಓದಿ ಬಂದು ‘ನಾನೂ ಅಮೆರಿಕೆಗೆ ಹೋಗಿದ್ದೆ’ ಎಂದು ಬರೆದರು. ಆದರೆ ಹಡಗು ಇತ್ತ ತಿರುಗಿದ ಕಥೆಯನ್ನು, ಎಂದರೆ ಲಂಡನ್ನಿನ ವಿದ್ಯಾರ್ಥಿಯೊಬ್ಬನಿಗೆ ನಮ್ಮ ಲಿಂಗಸುಗೂರೇ ಪರದೇಶವಾಗಿ, ನಮ್ಮ ಹುಲಿಗಲ್ಲು ನರಿಗಲ್ಲುಗಳೇ ಅವನ ಪಠ್ಯಪುಸ್ತಕವಾದ ಕಥೆಯನ್ನು, ಈ ಸೀಮೆಯವರಾದ ನಾವೇ ಮಕ್ಕಳಿಗೆ ಹೇಳಿದವರಲ್ಲ.

ಆ ವಿದ್ಯಾರ್ಥಿಯ ಹೆಸರು ರೇಮಂಡ್ ಆಲ್ಚಿನ್. 1923ರಲ್ಲಿ ಹುಟ್ಟಿದ ಈತನು ವಾಸ್ತುಶಿಲ್ಪದ ಓದನ್ನು ಆರಂಭಿಸಿ, ಯುದ್ಧದ ನಿಮಿತ್ತ ಅದನ್ನು ಬಿಟ್ಟು, 1944ರಲ್ಲಿ ಬ್ರಿಟಿಷ್ ಸೈನ್ಯದ ಸಂದೇಶವಾಹಕ ದಳದ ಯೋಧನಾಗಿ ಭಾರತಕ್ಕೆ ಬಂದವನು. ಬಂದ ಯೋಧರಲ್ಲಿ ಅನೇಕರು ಬಿಸಿಲನ್ನೂ ಸೊಳ್ಳೆಯನ್ನೂ ಬೈಯುತ್ತ ಮರಳಿದರು. ಈತನಾದರೋ ಮರಳಿ ಹೋಗಿ ಲಂಡನ್ ವಿಶ್ವವಿದ್ಯಾನಿಲಯದ ಪೌರ್ವಾತ್ಯ ಅಧ್ಯಯನಶಾಲೆಯನ್ನು ಸೇರಿ ಹಿಂದಿಯನ್ನೂ ಸಂಸ್ಕೃತವನ್ನೂ ಕಲಿತನು. ಅಲ್ಲಿ ಭಾರತೀಯ ಪುರಾತತ್ತ್ವದ ಪ್ರಾಧ್ಯಾಪಕರಾಗಿದ್ದ ಕಾಡ್ರಿಂಗ್ಟನ್ನರು ಈತನ ಗುರುಗಳು. ಬ್ರಿಜೆಟ್ ಗಾರ್ಡನ್ ಎಂಬ ತರುಣಿಯೂ ಆ ಕಾಲಕ್ಕೆ ಲಂಡನ್ನಿನಲ್ಲಿಯೇ, ಪುರಾತತ್ತ್ವ ಸಂಸ್ಥೆಯಲ್ಲಿ, ಫ್ರೆಡರಿಕ್ ಜಾಯ್ನರ್ ಎಂಬ ವಿದ್ವಾಂಸರ ಬಳಿ ಪ್ರಾಗೈತಿಹಾಸಿಕ ಶಿಲಾಯುಧಗಳ ವಿಷಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಆಕೆಯದೂ ಮನೆಯಲ್ಲಿ ಕುಳಿತ ಓದಲ್ಲ. ಅದಕ್ಕೆ ಮುಂಚೆ ದಕ್ಷಿಣ ಆಫ್ರಿಕೆಯಲ್ಲಿದ್ದು, ಕೇಪ್‌ಟೌನಿನಲ್ಲಿ ಸೆಸೋಥೋ ಭಾಷೆಯನ್ನು ಅಭ್ಯಾಸ ಮಾಡಿ ಬಂದಿದ್ದಳು. 1951ರಲ್ಲಿ ಇವರಿಬ್ಬರಿಗೂ ವಿವಾಹವಾಯಿತು. ಅದೇ ವರ್ಷ ಗುರುಗಳಾದ ಕಾಡ್ರಿಂಗ್ಟನ್ನರೊಡನೆ ಆಫ್ಘಾನಿಸ್ತಾನಕ್ಕೆ ಹೊರಟು, ಬಾಮಿಯಾನಿನ ಕಣಿವೆಯನ್ನು ಕಂಡು, ಅಲ್ಲಿಂದ ದಕ್ಷಿಣಾಭಿಮುಖವಾಗಿ ನಮ್ಮ ದೋಆಬಿನವರೆಗೆ ಬಂದರು. ಮಧುಚಂದ್ರಕ್ಕೆ ಜನ ಊಟಿಗೂ ಕಾಶ್ಮೀರಕ್ಕೂ ಹೋಗುವುದನ್ನು ಕೇಳಿದ್ದೇವೆ. ರಾಯಚೂರು ಜಿಲ್ಲೆಯನ್ನು ಆರಿಸಿಕೊಂಡವರು ಇವರಿಬ್ಬರೇ ಇದ್ದಾರು. ಆ ಯಾನದ ಕಥೆಯನ್ನು ಅವರಿಬ್ಬರೂ ವೃದ್ಧಾಪ್ಯದಲ್ಲಿ ಬರೆದು, ಆಕ್ಸಸ್ ನದಿಯಿಂದ ಮೈಸೂರಿನವರೆಗೆ ಎಂಬ ಅರ್ಥದ ಹೆಸರಿಟ್ಟರು; ಅದು ಪುಸ್ತಕವಾಗಿ ಹೊರಬಂದದ್ದು 2012ರಲ್ಲಿ, ರೇಮಂಡರು ತೀರಿಕೊಂಡ ಎರಡು ವರ್ಷಗಳ ತರುವಾಯ.

ಅವರು ಬಂದ ಕಾಲದ ನಮ್ಮ ಸೀಮೆಯನ್ನು ಇಂದಿನ ಹುಡುಗರು ಕಲ್ಪಿಸಿಕೊಳ್ಳುವುದು ಕಷ್ಟ. ಕೃಷ್ಣಾ ತುಂಗಭದ್ರೆಗಳ ನಡುವಣ ಈ ನೆಲ ಆಗ ಹೈದರಾಬಾದು ರಾಜ್ಯಕ್ಕೆ ಸೇರಿತ್ತು. ಪೋಲೀಸು ಕಾರ್ಯಾಚರಣೆ ನಡೆದು ಮೂರು ವರ್ಷವಷ್ಟೇ ಆಗಿತ್ತು. ತುಂಗಭದ್ರೆಯ ಅಣೆಕಟ್ಟು ಇನ್ನೂ ಏಳುತ್ತಲಿತ್ತು, ಅದರಿಂದ ಕಾಲುವೆಗೆ ನೀರು ಹರಿದದ್ದು 1953ರಲ್ಲಿ. ಇಂದು ಸಿಂಧನೂರಿನಿಂದ ನಮ್ಮೂರಿನತ್ತ ಬರುವಾಗ ಇಕ್ಕೆಲದಲ್ಲಿಯೂ ಕಣ್ಣು ತುಂಬುವ ಭತ್ತದ ಗದ್ದೆಗಳಾಗಲಿ, ಕ್ಯಾಂಪುಗಳೆಂದು ಕರೆಯಿಸಿಕೊಳ್ಳುವ ಊರುಗಳಾಗಲಿ ಅಂದು ಇರಲಿಲ್ಲ. ಎರೆಹೊಲದಲ್ಲಿ ಬಿಳಿಜೋಳ ಹತ್ತಿ, ಮಸಾರಿಯಲ್ಲಿ ಸಜ್ಜೆ, ಗುಡ್ಡದ ಬುಡದಲ್ಲಿ ಕುರಿ ದನ; ಇಷ್ಟೇ ಬಾಳು. ಲಿಂಗಸುಗೂರಿಗಾಗಲಿ ಮಸ್ಕಿಗಾಗಲಿ ರೈಲಿರಲಿಲ್ಲ.

ಇಂಥ ಸೀಮೆಯನ್ನು ಲಂಡನ್ನಿನ ವಿದ್ಯಾರ್ಥಿಯು ಆರಿಸಿಕೊಂಡದ್ದು ಯಾದೃಚ್ಛಿಕವಲ್ಲ. 1915ರಲ್ಲಿ ಚಿನ್ನದ ನಿಕ್ಷೇಪವನ್ನು ಅರಸುತ್ತಿದ್ದ ಬೀಡನ್ ಎಂಬ ಗಣಿ ಎಂಜಿನಿಯರರ ಕಣ್ಣಿಗೆ ಮಸ್ಕಿಯ ಗುಡ್ಡದ ಬಂಡೆಯೊಂದರ ಮೇಲೆ ಅಶೋಕನ ಶಾಸನವು ಬಿದ್ದು, ‘ದೇವಾನಾಂಪ್ರಿಯ’ ಎಂಬ ಬಿರುದಿನ ರಾಜನೇ ಅಶೋಕನೆಂಬುದಕ್ಕೆ ಹೆಸರು ಸಹಿತ ಸಾಕ್ಷ್ಯ ದೊರೆತದ್ದು ಶಾಲೆಯ ಮಕ್ಕಳಿಗೂ ಗೊತ್ತು. ಅದರ ತರುವಾಯ ಹೈದರಾಬಾದು ಸಂಸ್ಥಾನದ ಭೂವಿಜ್ಞಾನಿಯಾಗಿದ್ದ ಲಿಯೊನಾರ್ಡ್ ಮನ್ ಎಂಬಾತನು ಈ ಜಿಲ್ಲೆಯ ಹಟ್ಟಿಯ ಪುರಾತನ ಗಣಿಗಳನ್ನೂ ಗುಡ್ಡಗಳ ಸಂದಿಯ ಹಳೆಯ ನೆಲೆಗಳನ್ನೂ ಹುಡುಕಿ ಗುರುತಿಸಿದ್ದನು. ಇತ್ತ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನು ಅಗೆಸಿದ ಮಾರ್ಟಿಮರ್ ವ್ಹೀಲರರು, ನಯಗೊಳಿಸಿದ ಕಲ್ಲುಕೊಡಲಿಯ ಜನರು, ಅವರ ತರುವಾಯ ಬೃಹತ್‌ಶಿಲಾ ಗೋರಿಗಳ ಕಬ್ಬಿಣದ ಜನರು, ಅನಂತರ ಶಾತವಾಹನರ ಕಾಲದವರು ಎಂಬ ಮೂರು ಮೆಟ್ಟಿಲುಗಳನ್ನು ತೋರಿಸಿಕೊಟ್ಟಿದ್ದರಷ್ಟೆ. ಅವುಗಳಲ್ಲಿ ಕೆಳಗಿನ ಮೆಟ್ಟಿಲಾದ ಕಲ್ಲುಕೊಡಲಿಯ ಜನರನ್ನು ವ್ಹೀಲರರು ಕ್ರಿಸ್ತಪೂರ್ವ ಮೊದಲನೆಯ ಸಹಸ್ರಮಾನಕ್ಕಿಂತ ಹಿಂದೆ ಒಯ್ಯಲು ಒಪ್ಪಿರಲಿಲ್ಲ. ಆ ಜನರು ಯಾರು, ಏನನ್ನು ಉಂಡರು, ಎಷ್ಟು ಹಿಂದಿನವರು ಎಂಬುದೇ ಆಲ್ಚಿನ್ನರ ಪ್ರಬಂಧದ ವಿಷಯವಾಯಿತು. ಗ್ರಂಥಾಲಯದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಗುಡ್ಡ ಹತ್ತಲೇಬೇಕಾಗಿತ್ತು.

ಹತ್ತುವುದೆಂದರೆ ಶಿಖರವನ್ನು ಮುಟ್ಟಿ ಇಳಿಯುವುದಲ್ಲ. ನಮ್ಮ ಕಡೆಯ ಗುಡ್ಡಗಳನ್ನು ನೋಡಿದವರಿಗೆ ತಿಳಿದೇ ಇದೆ, ಅವು ಮಣ್ಣಿನ ದಿಬ್ಬಗಳಲ್ಲ. ಬಿಸಿಲಿಗೆ ಕಾದು ಇರುಳಿಗೆ ತಣಿದು ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಸುಲಿದು ಉರುಳಿದ ಕಣಶಿಲೆಯ ಗುಂಡುಗಳ ರಾಶಿ. ಆ ಗುಂಡುಗಳ ನಡುವೆ ಮಳೆಯ ನೀರು ನಿಲ್ಲುವ ದೋಣಿಗಳೂ, ನೆರಳಿನ ಪೊಟರೆಗಳೂ, ಅಷ್ಟಿಷ್ಟು ಮಣ್ಣು ಕೂಡಿಕೊಂಡ ಮಟ್ಟಸವಾದ ತಾವುಗಳೂ ಇರುವುವು. ದನ ಸಾಕುವವನು ಮನೆ ಹೂಡುವುದಾದರೆ ಎಲ್ಲಿ ಹೂಡುವನೆಂದು ಯೋಚಿಸಬಲ್ಲವನು ಅಂಥ ತಾವನ್ನು ಹುಡುಕುತ್ತಾನೆ. ಅಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಕಾಲಡಿಯ ಮಣ್ಣು ಸುತ್ತಲಿನ ಮಣ್ಣಿಗಿಂತ ಬೂದುಬಣ್ಣಕ್ಕೆ ತಿರುಗಿದೆಯೇ, ಮಳೆ ಕೊರೆದ ಕೊರಕಲಿನಲ್ಲಿ ಬೋಕಿಯ ಚೂರು ಇಣುಕುತ್ತಿದೆಯೇ, ಬಂಡೆಯ ಮೈಯಲ್ಲಿ ಕೊಡಲಿಯನ್ನು ಮಸೆದ ನುಣುಪಾದ ಗುಳಿಗಳಿವೆಯೇ ಎಂದು ನೋಡುತ್ತಾನೆ. ಇದು ಕಾಲಿನಿಂದ ಓದುವ ಓದು.

ಪಿಕ್ಲಿಹಾಳದ ಗುಡ್ಡಗಳ ಒಡಲಿನಲ್ಲಿ 1951–52ರ ಅವಧಿಯಲ್ಲಿ ಆಲ್ಚಿನ್ ದಂಪತಿಗಳು ಅಗೆದು ತೆಗೆದದ್ದು ಚಿನ್ನವಲ್ಲ, ಶಾಸನವಲ್ಲ. ಕೈಯಿಂದಲೇ ತಟ್ಟಿ ಮಾಡಿದ ಬೂದುಬಣ್ಣದ ಗಡಿಗೆಗಳ ಚೂರು, ಮಸೆದ ಕಲ್ಲುಕೊಡಲಿ, ಸಣ್ಣ ಕಲ್ಲಲಗು, ಮನೆಗಳ ಬಳಿಯಲ್ಲೇ ನೀಳವಾಗಿ ಮಲಗಿಸಿ ಹೂಳಿದ ಹೆಣಗಳು, ರಾಶಿರಾಶಿಯಾಗಿ ದನದ ಎಲುಬು, ಮತ್ತು ಹಿಣಿಲು ಎದ್ದು ಕಾಣುವಂತೆ ಬೆರಳಿನಿಂದ ಹಿಡಿದು ಸುಟ್ಟ ಪುಟ್ಟ ಮಣ್ಣಿನ ಎತ್ತುಗಳು. ಮೇಲಿನ ಪದರಗಳಲ್ಲಿ ಕಬ್ಬಿಣದ ಕಾಲದ ಕರಿಕೆಂಪು ಮಡಕೆಗಳು. ಈ ಪಟ್ಟಿಯನ್ನು ಓದಿದ ನಾಗರಿಕನು ಇಷ್ಟೇಯೋ ಎಂದಾನು. ನಮ್ಮ ಊರಿನ ಒಕ್ಕಲಿಗನಾದರೋ ಮಣ್ಣಿನ ಎತ್ತು ಎಂಬ ಮಾತಿಗೆ ಕಿವಿ ನಿಮಿರಿಸುವನು.

ಜ್ಯೇಷ್ಠಮಾಸದ ಅಮಾವಾಸ್ಯೆಗೆ ನಮ್ಮಲ್ಲಿ ಮಣ್ಣೆತ್ತಿನ ಅಮಾಸೆಯೆಂದು ಹೆಸರು. ಕಾರಹುಣ್ಣಿಮೆಯಲ್ಲಿ ನಿಜವಾದ ಎತ್ತುಗಳಿಗೆ ಬಣ್ಣ ಬಳಿದು ಕರಿ ಹರಿಸಿ ಹದಿನೈದು ದಿನವಾದ ಮೇಲೆ, ಎರೆಮಣ್ಣನ್ನು ತಂದು, ನಾದಿ, ಒಂದು ಜೊತೆ ಎತ್ತನ್ನೂ ಅವುಗಳ ಮುಂದೊಂದು ಗ್ವಾದಲಿಯನ್ನೂ ಮಾಡಿ ಜಗುಲಿಯ ಮೇಲಿಟ್ಟು ಪೂಜಿಸುವರು. ನನ್ನ ತಾಯಿಯು ಈ ಎತ್ತನ್ನು ಮಾಡುವುದನ್ನು ನಾನು ಎಷ್ಟೋ ವರ್ಷ ಹತ್ತಿರದಿಂದ ನೋಡಿದ್ದೇನೆ. ಮೊದಲು ಅಂಗೈಯಲ್ಲಿ ಮಣ್ಣಿನುಂಡೆಯನ್ನು ಉದ್ದಕ್ಕೆ ಹೊಸೆಯುವಳು; ಕೆಳಗಿನಿಂದ ನಾಲ್ಕು ಚಿವುಟಿ ಕಾಲೆಳೆಯುವಳು; ಮುಖವನ್ನೂ ಕೋಡನ್ನೂ ಆಮೇಲೆ ನೋಡಿಕೊಂಡರಾಯಿತೆಂಬಂತೆ ಬದಿಗಿಟ್ಟು, ಹೆಬ್ಬೆರಳು ತೋರುಬೆರಳುಗಳ ನಡುವೆ ಬೆನ್ನಿನ ಮಣ್ಣನ್ನು ಒತ್ತಿ ಮೇಲಕ್ಕೆತ್ತಿ ಹಿಣಿಲನ್ನು ನಿಲ್ಲಿಸುವಳು. ಹಿಣಿಲು ನಿಂತರೆ ಎತ್ತು, ಇಲ್ಲದಿದ್ದರೆ ನಾಯಿ ಎಂದು ಅವಳ ಮಾತು. ನಾಲ್ಕು ಸಾವಿರ ವರ್ಷಗಳ ಹಿಂದೆ ಪಿಕ್ಲಿಹಾಳದಲ್ಲಿ ಎತ್ತನ್ನು ಹಿಡಿದ ಬೆರಳುಗಳಿಗೂ ಇದೇ ನಂಬಿಕೆಯಿದ್ದಿರಬೇಕು. ಅಂದಿನಿಂದ ಇಂದಿನವರೆಗೆ ಈ ಹಬ್ಬವು ಎಡೆಬಿಡದೆ ನಡೆದುಬಂದಿತೆಂದು ವಾದಿಸುವ ಉತ್ಸಾಹಿಗಳ ಗುಂಪಿಗೆ ನಾನು ಸೇರಿದವನಲ್ಲ. ನಡುವೆ ಎಷ್ಟೋ ಜನ ಬಂದುಹೋದರು. ಆದರೆ ನೆಲ ಅದೇ, ಮಣ್ಣು ಅದೇ, ದನವೂ ಅದೇ.

ದನದ ಮಾತು ಬಂದುದರಿಂದ ಬೂದಿದಿಬ್ಬಗಳ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಬಳ್ಳಾರಿ ರಾಯಚೂರು ಸೀಮೆಗಳಲ್ಲಿ ಅಲ್ಲಲ್ಲಿ ಬೂದಿಯ ದೊಡ್ಡ ದೊಡ್ಡ ದಿಬ್ಬಗಳಿರುವುದು ಜನರಿಗೆ ಹಿಂದಿನಿಂದಲೂ ಗೊತ್ತು. ಹಂಪೆಯ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತಾಭಸ್ಮವೆಂದು ತೋರಿಸುತ್ತಾರೆ. 1843ರಲ್ಲಿ ನ್ಯೂಬೋಲ್ಡ್ ಎಂಬ ಸೈನ್ಯಾಧಿಕಾರಿಯು ಇವುಗಳನ್ನು ಕುರಿತು ಬರೆದಂದಿನಿಂದ ವಿದ್ವಾಂಸರು ಹೋರಾಡುತ್ತಲೇ ಬಂದರು. ಜ್ವಾಲಾಮುಖಿಯೆಂದರು, ಲೋಹ ಕರಗಿಸಿದ ಕುಲುಮೆಯೆಂದರು, ವಿಜಯನಗರದ ಕಾಲದ ಸಾಮೂಹಿಕ ಸಹಗಮನದ ಬೂದಿಯೆಂದವರೂ ಉಂಟು. ಬೂದಿಯೊಳಗೆ ಗಾಜಿನಂತೆ ಕರಗಿ ಗಟ್ಟಿಯಾದ ಕಿಟ್ಟವು ಸಿಕ್ಕುತ್ತಿದ್ದುದೇ ಈ ಗೊಂದಲಕ್ಕೆ ಕಾರಣ. ಸೆಗಣಿಯನ್ನು ಸುಟ್ಟ ಬೂದಿಯಿರಬಹುದೆಂದು ರಾಬರ್ಟ್ ಬ್ರೂಸ್ ಫೂಟರು ಬಹು ಹಿಂದೆಯೇ ಊಹಿಸಿದ್ದರು. ಹುಲ್ಲಿನಲ್ಲಿ ಮರಳಿನ ಅಂಶವಿದೆ. ಹುಲ್ಲು ಮೇದ ದನದ ಸೆಗಣಿಯಲ್ಲಿಯೂ ಅದು ಇದ್ದೇ ಇರುತ್ತದೆ. ಗುಡ್ಡದಷ್ಟು ಸೆಗಣಿಯ ರಾಶಿಗೆ ಒಮ್ಮೆಲೇ ಬೆಂಕಿ ಬಿದ್ದರೆ, ಒಳಗಿನ ಕಾವಿಗೆ ಆ ಮರಳು ಕರಗಿ ಗಾಜಾಗುತ್ತದೆ. ಇದನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿ 1960ರಲ್ಲಿ ಪ್ರಕಟಿಸಿದವರು ಬ್ರಿಜೆಟ್ಟರ ಗುರುಗಳಾದ ಜಾಯ್ನರರೇ.

ನಮ್ಮ ಓಣಿಯಲ್ಲಿ ಕುಳ್ಳು ತಟ್ಟುವ ಯಾವ ಹೆಂಗಸನ್ನು ಕೇಳಿದ್ದರೂ ನೂರು ವರ್ಷದ ಈ ಚರ್ಚೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತಿತ್ತಲ್ಲಾ ಎಂದು ಹೇಳಿಬಿಡಲು ನನಗೂ ಆಸೆ. ಆದರೆ ಅದು ನ್ಯಾಯವಲ್ಲ. ಒಲೆಯ ಕುಳ್ಳಿನಿಂದ ಗಡಿಗೆ ತಿಕ್ಕುವ ಬೂದಿ ಬಂದೀತು, ವಿಭೂತಿ ಬಂದೀತು, ಗಾಜು ಬರುವುದಿಲ್ಲ.

ಉಳಿದ ಪ್ರಶ್ನೆಯೆಂದರೆ, ಆ ಸೆಗಣಿಯನ್ನು ಸುಟ್ಟವರು ಯಾರು, ಏಕೆ ಎಂಬುದು. ಇದಕ್ಕಾಗಿ ಆಲ್ಚಿನ್ನರು 1957ರಲ್ಲಿ ಕೃಷ್ಣೆಯನ್ನು ದಾಟಿ, ಮೆಹಬೂಬನಗರ ಸೀಮೆಯ ಉತ್ನೂರಿನ ಬೂದಿದಿಬ್ಬವನ್ನು ಸೀಳಿ ನೋಡಿದರು. ಒಳಗೆ ಕಂಡದ್ದು ದೊಡ್ಡಿ: ಗೂಟಗಳನ್ನು ಸಾಲಾಗಿ ನೆಟ್ಟ ಕುಳಿಗಳು, ಒಂದರ ಮೇಲೊಂದು ಸುಟ್ಟ ಪದರಗಳು, ಮತ್ತು ಮೆತ್ತಗಿದ್ದಾಗ ಬೂದಿಯ ಮೇಲೆ ನಡೆದುಹೋದ ದನಗಳ ಗೊರಸಿನ ಗುರುತುಗಳು. ದನ ಕಟ್ಟುವ ದೊಡ್ಡಿಯಲ್ಲಿ ಸೆಗಣಿ ಬೆಳೆದು, ಅದಕ್ಕೆ ಆಗಾಗ ಬೆಂಕಿಯಿಟ್ಟು, ಮತ್ತೆ ಅಲ್ಲಿಯೇ ದೊಡ್ಡಿ ಹೂಡಿದ್ದರೆಂಬುದು ಸ್ಪಷ್ಟವಾಯಿತು. ಆ ಬೆಂಕಿಯು ಆಕಸ್ಮಿಕವಲ್ಲ, ಋತುಸಂಧಿಯ ಹಬ್ಬದ ಬೆಂಕಿಯೆಂದು ಆಲ್ಚಿನ್ನರ ತರ್ಕ. ಹೋಳಿಯನ್ನೂ, ಸಂಕ್ರಾಂತಿಯಂದು ದನಗಳನ್ನು ಕಿಚ್ಚು ಹಾಯಿಸುವುದನ್ನೂ ಬಲ್ಲ ನಾವು ಅದನ್ನು ಸುಲಭವಾಗಿ ತಳ್ಳಿಹಾಕಲಾರೆವು. ಉತ್ನೂರಿನ ಇದ್ದಿಲನ್ನು ಆಗಷ್ಟೇ ಬಳಕೆಗೆ ಬಂದಿದ್ದ ವಿಕಿರಣ ಇಂಗಾಲದ ವಿಧಾನದಿಂದ ಪರೀಕ್ಷಿಸಿದಾಗ, ಕಾಲವು ಕ್ರಿಸ್ತಪೂರ್ವ 2000ಕ್ಕೂ ಹಿಂದಕ್ಕೆ ಸರಿಯಿತು. ವ್ಹೀಲರರಂಥ ದೊಡ್ಡವರು ಕೊಟ್ಟ ಲೆಕ್ಕವು ಸಾವಿರ ವರ್ಷಕ್ಕೂ ಹೆಚ್ಚು ತಪ್ಪಿತ್ತು. ಪಿಕ್ಲಿಹಾಳದ ಬಿಸಿಲಿನಲ್ಲಿ ನಿಂತಿದ್ದ ವಿದ್ಯಾರ್ಥಿಯ ಅನುಮಾನವು ನಿಜವಾಯಿತು. 1963ರಲ್ಲಿ ಪ್ರಕಟವಾದ ಉತ್ನೂರಿನ ಗ್ರಂಥಕ್ಕೆ ಅವರು ಇಟ್ಟ ಹೆಸರಿನ ಅರ್ಥ, ದಕ್ಷಿಣ ಭಾರತದ ನವಶಿಲಾಯುಗದ ದನಗಾಹಿಗಳು.

ಹಟ್ಟಿಯೆಂಬ ಮಾತಿಗೆ ನಮ್ಮ ಭಾಷೆಯಲ್ಲಿ ದನದ ಕೊಟ್ಟಿಗೆಯೆಂಬ ಅರ್ಥವಿದೆ. ಚಿನ್ನದ ಗಣಿಯ ಊರಿನ ಹೆಸರೂ ಅದೇ. ತುರುವೆಂದರೆ ಹಳಗನ್ನಡದಲ್ಲಿ ದನ. ತುರುಗೋಳಿನಲ್ಲಿ ಮಡಿದವರ ವೀರಗಲ್ಲುಗಳು ಈ ನಾಡಿನಲ್ಲಿ ಲೆಕ್ಕವಿಲ್ಲದಷ್ಟಿವೆ. ತುರ್ವಿಹಾಳವೆಂದು ಬಸ್ಸಿನ ಹಣೆಯ ಮೇಲೆ ಓದುವಾಗಲೆಲ್ಲ ನನಗೆ ಆ ತುರುವಿನ ನೆನಪಾಗುತ್ತದೆ. ಶಬ್ದಶಾಸ್ತ್ರಜ್ಞರು ಇದಕ್ಕೆ ಮುಖ ಸಿಂಡರಿಸುವರೇನೋ. ಊರಿನವನಿಗೆ ಅಷ್ಟು ಸಲಿಗೆಯಿರಬೇಕು.

ರೇಮಂಡರ ಪ್ರಬಂಧಕ್ಕೆ 1954ರಲ್ಲಿ ಲಂಡನ್ನಿನ ಡಾಕ್ಟರೇಟು ದೊರೆಯಿತು. ಅದೇ ವರ್ಷ ಬಿ. ಕೆ. ಥಾಪರರು ಮಸ್ಕಿಯಲ್ಲಿ ಉತ್ಖನನ ನಡೆಸಿದರು. ಪಿಕ್ಲಿಹಾಳದ ವರದಿ ಮಾತ್ರ ಅಚ್ಚಾಗುವ ಹೊತ್ತಿಗೆ 1960 ಆಯಿತು. ಈ ನಡುವೆ 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ರಾಯಚೂರು ಮೈಸೂರು ರಾಜ್ಯಕ್ಕೆ ಬಂದಿತ್ತು. ಆದರೆ ಅಗೆತವು ಹೈದರಾಬಾದಿನ ಕಾಲದ್ದಾದುದರಿಂದ ಗ್ರಂಥವು ಆಂಧ್ರಪ್ರದೇಶ ಸರ್ಕಾರದ ಪುರಾತತ್ತ್ವ ಮಾಲೆಯ ಮೊದಲನೆಯ ಸಂಖ್ಯೆಯಾಗಿ ಹೊರಬಂದಿತು. 1915ರಲ್ಲಿ ಕೃಷ್ಣಶಾಸ್ತ್ರಿಗಳು ಬರೆದ ಮಸ್ಕಿಯ ಶಾಸನದ ಪುಸ್ತಕವೂ ಹೈದರಾಬಾದು ಪುರಾತತ್ತ್ವ ಮಾಲೆಯ ಮೊದಲನೆಯ ಸಂಖ್ಯೆಯೇ. ಎರಡು ಸರ್ಕಾರಗಳ ಮಾಲೆಗಳಿಗೂ ಮೊದಲ ಮಣಿಯನ್ನು ಕೊಟ್ಟದ್ದು ನಮ್ಮ ಈ ಬಿಸಿಲು ಸೀಮೆ. ಎರಡು ಪುಸ್ತಕಗಳೂ ಇಂಗ್ಲಿಷಿನಲ್ಲಿವೆ.

ಮುಂದೆ ಆಲ್ಚಿನ್ನರು ಕೇಂಬ್ರಿಜ್ಜಿನಲ್ಲಿ ಅಧ್ಯಾಪಕರಾದುದು, ತುಳಸೀದಾಸರ ಕವಿತಾವಳಿಯನ್ನೂ ವಿನಯಪತ್ರಿಕೆಯನ್ನೂ ಇಂಗ್ಲಿಷಿಗೆ ತಂದುದು, ದಂಪತಿಗಳಿಬ್ಬರೂ ಕೂಡಿ ಭಾರತೀಯ ನಾಗರಿಕತೆಯ ಹುಟ್ಟನ್ನು ಕುರಿತು 1968ರಲ್ಲಿ ಬರೆದ ಗ್ರಂಥವು ಒಂದು ತಲೆಮಾರಿಗೆ ಪಠ್ಯವಾದುದು, ಇವೆಲ್ಲ ಬೇರೆಯ ಕಥೆ. ಬ್ರಿಜೆಟ್ಟರು 2017ರವರೆಗೂ ಬದುಕಿದ್ದರು.

ಕಳೆದ ಚಳಿಗಾಲದಲ್ಲಿ ನಾನು ಪಿಕ್ಲಿಹಾಳಕ್ಕೆ ಹೋದಾಗ ಹೊತ್ತು ನೆತ್ತಿಗೆ ಬಂದಿತ್ತು. ಬಂಡೆಯ ಮೇಲಿನ ಎತ್ತಿನ ಚಿತ್ರಗಳನ್ನು ಹುಡುಕಿ ಹುಡುಕಿ ಬೇಸತ್ತು ನೆರಳಿಗೆ ಕುಳಿತೆ. ಕುರಿ ಕಾಯುತ್ತಿದ್ದ ಮುದುಕನೊಬ್ಬನು ನನ್ನ ಪರದಾಟವನ್ನು ಬಹಳ ಹೊತ್ತು ನೋಡುತ್ತಿದ್ದು, ಕಡೆಗೆ ಮರುಕಪಟ್ಟು ಹೇಳಿದನು: “ಈಗ ಕಾಣಂಗಿಲ್ರೀ ಯಪ್ಪಾ. ಮುಂಜಾನೆ ಬರ್ರಿ, ಬಿಸಿಲು ಅಡ್ಡ ಬಿದ್ದಾಗ ಅವು ಎದ್ದು ನಿಲ್ತಾವ.”

ಮಾತು ಅಕ್ಷರಶಃ ನಿಜ. ಈ ಚಿತ್ರಗಳಲ್ಲಿ ಕೆಲವು ಕೆಮ್ಮಣ್ಣಿನಿಂದ ಬರೆದವು. ಮಿಕ್ಕವನ್ನು ಬರೆದದ್ದಲ್ಲ, ಕುಟ್ಟಿದ್ದು. ಕಣಶಿಲೆಯ ಮೈ ಗಾಳಿಮಳೆಗೆ ಕಾಲಕ್ರಮದಲ್ಲಿ ಕಂದಿ ಕಪ್ಪಾಗಿರುತ್ತದೆ. ಗಟ್ಟಿಯಾದ ಕಲ್ಲಿನಿಂದ ಅದನ್ನು ಚುಕ್ಕೆ ಚುಕ್ಕೆಯಾಗಿ ಕುಟ್ಟಿದರೆ ಒಳಗಿನ ತಿಳಿಬಣ್ಣ ಹೊರಬೀಳುತ್ತದೆ. ಹೀಗೆ ಕುಟ್ಟಿದ ಉದ್ದಕೋಡಿನ, ಏರಿದ ಹಿಣಿಲಿನ ಎತ್ತು ಸಾವಿರಾರು ವರ್ಷಗಳಲ್ಲಿ ಮತ್ತೆ ಕಂದುತ್ತ ಬಂದು, ಬಂಡೆಯ ಬಣ್ಣದಲ್ಲಿಯೇ ಕರಗಿ, ನೆತ್ತಿಯ ಬಿಸಿಲಿನಲ್ಲಿ ಕಾಣದಂತಾಗಿರುತ್ತದೆ. ಮರುದಿನ ಸೂರ್ಯೋದಯಕ್ಕೆ ಅಲ್ಲಿಯೇ ಹೋಗಿ ನಿಂತೆ. ಓರೆಯಾಗಿ ಬಿದ್ದ ಬೆಳಕಿನಲ್ಲಿ ಮೊದಲು ಒಂದು ಕೋಡು, ಆಮೇಲೆ ಬೆನ್ನಿನ ಗೆರೆ, ಆಮೇಲೆ ಇಡೀ ಎತ್ತು ಎದ್ದುಬಂದಿತು. ಕಾಲು ಗಂಟೆಯಲ್ಲಿ ಮತ್ತೆ ಬಂಡೆಯೊಳಕ್ಕೆ ಹೋಯಿತು. ಇದನ್ನು ಮೊಬೈಲಿನಲ್ಲಿ ಹಿಡಿದು ಆ ಅಜ್ಜಿಗೆ ತೋರಿಸಿದೆ. ಅವಳು ಅದನ್ನು ಮೊಮ್ಮಗನಿಗೆ ಕಳಿಸಿಕೊಡೆಂದಳು. ಕಳಿಸಿದ್ದೇನೆ, ಬೇಸಗೆಯ ರಜೆಗೆ ಬಂದಾಗ ಚೀಲ ಸಮೇತ ಅಲ್ಲಿಗೇ ಹೋಗೋಣವೆಂದು ಬರೆದಿದ್ದಾನೆ.

ಓದುಗರಲ್ಲಿ ಯಾರಾದರೂ ಹೋಗುವುದಾದರೆ ಒಂದೇ ಪ್ರಾರ್ಥನೆ. ಚಿತ್ರ ಸ್ಪಷ್ಟವಾಗಿ ಬರಲೆಂದು ಎತ್ತಿನ ಗೆರೆಯನ್ನು ಸೀಮೆಸುಣ್ಣದಿಂದ ತಿದ್ದಬೇಡಿರಿ, ಬಂಡೆಗೆ ನೀರು ಎರಚಬೇಡಿರಿ, ಪಕ್ಕದಲ್ಲಿ ನಿಮ್ಮ ಹೆಸರನ್ನು ಕೆತ್ತಬೇಡಿರಿ. ಲಿಂಗಸುಗೂರಿನಲ್ಲೋ ಮುದಗಲ್ಲಿನಲ್ಲೋ ಇರುಳು ತಂಗಿ, ಹೊತ್ತು ಹುಟ್ಟುವ ಮುಂಚೆ ಗುಡ್ಡದಲ್ಲಿರಿ.